ದಿನಕ್ಕೆ ಐವತ್ತು ಪ್ರಚಲಿತ ವಿದ್ಯಮಾನ, ನಮ್ಮೂರಿನದು ಒಂದೂ ಇಲ್ಲ

ಬೆಳಿಗ್ಗೆ ಆರು ಗಂಟೆಗೆಲ್ಲ ಮೊಬೈಲಿಗೆ ಪಿಡಿಎಫ್ ಬಂದು ಬೀಳುತ್ತದೆ. ‘ಇಂದಿನ ಟಾಪ್ 50 ಪ್ರಚಲಿತ ವಿದ್ಯಮಾನಗಳು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಲ್ಲದಕ್ಕೂ ಉಪಯುಕ್ತ.’ ಯಾವ ದೇಶದ ಪ್ರಧಾನಿ ಬದಲಾದರು, ಯಾವ ಸಮರಾಭ್ಯಾಸ ಯಾವ ಎರಡು ದೇಶಗಳ ನಡುವೆ ನಡೆಯಿತು, ಇವತ್ತು ಯಾವ ದಿನಾಚರಣೆ, ಅದರ ಈ ವರ್ಷದ ಘೋಷವಾಕ್ಯ ಏನು. ನಮ್ಮ ಹುಡುಗರು, ಹುಡುಗಿಯರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಮರುದಿನ ಇನ್ನೈವತ್ತು. ವರ್ಷಕ್ಕೆ ಹದಿನೆಂಟು ಸಾವಿರ.

ಅದೇ ಹುಡುಗರನ್ನು ಕೇಳಿ ನೋಡಿ. ನಿಮ್ಮ ತಾಲ್ಲೂಕು ಪಂಚಾಯಿತಿ ಸದಸ್ಯರು ಯಾರು? ಕೊನೆಯ ಗ್ರಾಮಸಭೆ ಯಾವತ್ತು ಆಯಿತು? ಉತ್ತರ ಬರುವುದಿಲ್ಲ. ಇದು ಅವರ ದಡ್ಡತನ ಅಲ್ಲ. ಅದನ್ನು ಅವರಿಗೆ ಯಾರೂ ಕಲಿಸಿಲ್ಲ, ಯಾರೂ ಕೇಳಿಲ್ಲ. ಆಡಳಿತಕ್ಕೆ ಸೇರಲು ಓದುತ್ತಿರುವ ಮಕ್ಕಳನ್ನು ಆಡಳಿತದಿಂದಲೇ ದೂರ ಇಡುವ ಓದು ಇದು. ಈ ಓದನ್ನು ಮಾರುವವರು ಒಂದು ಕಡೆ. ಪರೀಕ್ಷೆಯನ್ನೇ ನೆಟ್ಟಗೆ ನಡೆಸಲಾಗದ ಸರ್ಕಾರ ಇನ್ನೊಂದು ಕಡೆ. ಇಬ್ಬರನ್ನೂ ಹೆಸರು ಹಿಡಿದು ಮಾತಾಡಿಸಬೇಕಾದ ಕಾಲ ಬಂದಿದೆ ಎಂದು ನಾವು ಹೇಳುತ್ತೇವೆ.

ಸೂರಗೊಂಡನಕೊಪ್ಪದಿಂದಲೇ ಶುರು ಮಾಡೋಣ

ಸಂತ ಸೇವಾಲಾಲ್ ಮಹಾರಾಜರ ಜನ್ಮಸ್ಥಳ ಭಾಯಾಗಡ ಇರುವ ಊರು ಇದು. ಫೆಬ್ರುವರಿ ಜಯಂತಿಗೆ ರಾಜ್ಯದ ಮೂಲೆಮೂಲೆಯಿಂದ, ಪಕ್ಕದ ರಾಜ್ಯಗಳಿಂದ ಮಾಲಾಧಾರಿಗಳು ನಡೆದುಕೊಂಡು ಬರುತ್ತಾರೆ. ಮಂತ್ರಿಗಳು ಬರುತ್ತಾರೆ, ವೇದಿಕೆ ಏರುತ್ತಾರೆ, ಭರವಸೆ ಕೊಡುತ್ತಾರೆ. ‘ಸೇವಾಲಾಲರ ಜನ್ಮಸ್ಥಳ ಯಾವುದು?’ ಎಂಬ ಒಂದು ಸಾಲಿನ ಪ್ರಶ್ನೆಯೂ ಗೈಡುಗಳಲ್ಲಿ ಇದೆ. ‘ಸೂರಗೊಂಡನಕೊಪ್ಪ, ದಾವಣಗೆರೆ ಜಿಲ್ಲೆ.’ ಅಲ್ಲಿಗೆ ಮುಗಿಯಿತು. ಗೈಡಿಗೆ ನಮ್ಮೂರು ಬೇಕಾದದ್ದು ಅಷ್ಟಕ್ಕೇ.

ಈಗ ಅದೇ ಊರನ್ನು ಆಡಳಿತದ ಪಾಠವಾಗಿ ನೋಡಿ. ಹಿಂದೆ ಇದು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ ದಾವಣಗೆರೆ ಜಿಲ್ಲೆ ಆಯಿತು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಸೇರಿತು. ಸೂರಗೊಂಡನಕೊಪ್ಪ ಈಗ ನ್ಯಾಮತಿ ತಾಲ್ಲೂಕು.

ರಾಜ್ಯದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗ ನ್ಯಾಮತಿ ತಾಲ್ಲೂಕೇ ಇರಲಿಲ್ಲ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಒಂದೊಂದು ಕಾರಣ ಹೇಳಿಕೊಂಡು 2025 ಮುಗಿದರೂ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳೇ ನಡೆಸಿದರು. ಅಂದರೆ ನ್ಯಾಮತಿ ತಾಲ್ಲೂಕು ಹುಟ್ಟಿದ ಮೇಲೆ ತನ್ನದೇ ತಾಲ್ಲೂಕು ಪಂಚಾಯಿತಿಗೆ ಒಮ್ಮೆಯೂ ಮತ ಹಾಕದೆ ಅಷ್ಟು ವರ್ಷ ಕಳೆದಿದೆ.

ಸಂವಿಧಾನದ 243-ಇ ವಿಧಿ ಏನು ಹೇಳುತ್ತದೆ ಎಂದು ಪರೀಕ್ಷೆಗೆ ಓದುವ ಯಾರನ್ನಾದರೂ ಕೇಳಿ. ‘ಪಂಚಾಯಿತಿಗಳ ಅವಧಿ ಐದು ವರ್ಷ, ಮುಗಿಯುವ ಮುನ್ನ ಚುನಾವಣೆ ಆಗಬೇಕು’ ಎಂದು ನಿದ್ದೆಯಲ್ಲೂ ಹೇಳುತ್ತಾರೆ. 73ನೇ ತಿದ್ದುಪಡಿ, 29 ವಿಷಯಗಳು, ಹನ್ನೊಂದನೇ ಅನುಸೂಚಿ, ಎಲ್ಲವೂ ಬಾಯಿಪಾಠ. ಆದರೆ ತಾವು ಕೂತು ಓದುತ್ತಿರುವ ತಾಲ್ಲೂಕಿನಲ್ಲೇ ಆ ವಿಧಿ ಕಾಗದದ ಮೇಲೆ ಮಲಗಿದೆ ಎಂದು ಗೊತ್ತಿರುವುದಿಲ್ಲ. ಇದಕ್ಕಿಂತ ದೊಡ್ಡ ಪ್ರಚಲಿತ ವಿದ್ಯಮಾನ ಯಾವುದಿದೆ? ಯಾವ ಪಿಡಿಎಫ್‌ನಲ್ಲಿ ಅದು ಟಾಪ್ 50ರೊಳಗೆ ಬಂದಿದೆ?

ಒಂದು ಸಾಲಿನ ಉತ್ತರ, ಹತ್ತು ಸಾಲಿನ ಪ್ರಶ್ನೆ

ಇನ್ನೂ ಮೂರು ಉದಾಹರಣೆ ಕೊಡುತ್ತೇವೆ. ಎಲ್ಲವೂ ನಮ್ಮ ಸುತ್ತಿನವೇ.

ಮೊದಲನೆಯದು ಚನ್ನಗಿರಿಯ ಸೂಳೆಕೆರೆ. ‘ಏಷ್ಯಾದ ಎರಡನೇ ಅತಿ ದೊಡ್ಡ ಕೆರೆ ಯಾವುದು?’ ‘ಶಾಂತಿಸಾಗರ.’ ಇದು ಗೈಡಿನ ಪ್ರಶ್ನೆ. ಕೆರೆಯ ಗಡಿ ಎಲ್ಲಿ? ಒತ್ತುವರಿ ಎಷ್ಟು? ಸರ್ವೆ ಮಾಡುವವರು ಕಂದಾಯದವರೋ, ನೀರಾವರಿ ಇಲಾಖೆಯವರೋ? ಹೂಳು ತೆಗೆಸುವುದು ಯಾರ ಲೆಕ್ಕದಲ್ಲಿ? ಇದು ಆಡಳಿತದ ಪ್ರಶ್ನೆ. ಆ ಕೆರೆಯ ನೀರು ಕುಡಿಯುವವರು ಚಿತ್ರದುರ್ಗದವರೆಗೂ ಇದ್ದಾರೆ. ನಾಳೆ ತಹಶೀಲ್ದಾರ್ ಆಗಿ ಕುರ್ಚಿ ಮೇಲೆ ಕೂತವರ ಮುಂದೆ ಬರುವ ಕಡತ ಎರಡನೆಯದು. ‘ಏಷ್ಯಾದಲ್ಲಿ ಎಷ್ಟನೆಯದು’ ಎಂದು ಯಾವ ರೈತನೂ ಅರ್ಜಿ ಹಿಡಿದು ಬರುವುದಿಲ್ಲ.

ಎರಡನೆಯದು ಜಗಳೂರಿನ ನೀರು. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಎಂದು ಘೋಷಣೆ ಆಯಿತು. ಅವತ್ತು ಸಂಜೆಗೆ ಎಲ್ಲ ಒನ್‌ಲೈನರ್‌ಗಳಲ್ಲೂ ಅದು ಬಂತು. ‘ಎಷ್ಟು ಕೋಟಿ?’ ‘5,300 ಕೋಟಿ.’ ಸರಿ ಉತ್ತರ, ಪೂರ್ತಿ ಅಂಕ. ಆ ದುಡ್ಡು ಬಂದಿಲ್ಲ ಎಂದು ರಾಜ್ಯ ಸರ್ಕಾರ ಆಮೇಲಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳಿತು. ಬಜೆಟ್‌ನಲ್ಲಿ ಘೋಷಿಸುವುದಕ್ಕೂ ಹಣ ಬಿಡುಗಡೆ ಆಗುವುದಕ್ಕೂ ನಡುವೆ ಎಷ್ಟು ಮೆಟ್ಟಿಲು ಇವೆ, ಕಡತ ಎಲ್ಲಿ ನಿಲ್ಲುತ್ತದೆ ಎಂದು ಯಾವ ಒನ್‌ಲೈನರ್ ಕೇಳಿತು? ಘೋಷಣೆಯ ದಿನ ಪಿಡಿಎಫ್‌ಗೆ ಸುದ್ದಿ. ಹಣ ಬಾರದ ಸಾವಿರ ದಿನ ಸುದ್ದಿಯಲ್ಲ. ಜಗಳೂರಿನ ರೈತನಿಗೆ ಆ ಸಾವಿರ ದಿನವೇ ಸುದ್ದಿ.

ಮೂರನೆಯದು ಕೂಲಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು 2005ರ ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿತು. ವಿಬಿ-ಜಿ ರಾಮ್ ಜಿ ಎಂದು ಅದರ ಚಿಕ್ಕ ಹೆಸರು. ಪಿಡಿಎಫ್‌ನಲ್ಲಿ ಬಂದದ್ದು ಇಷ್ಟು: ‘100 ದಿನ ಇದ್ದದ್ದು 125 ದಿನ.’ ಕೂಲಿಯ ಹಣವನ್ನು ಇನ್ನು ಮುಂದೆ ಕೇಂದ್ರ 60, ರಾಜ್ಯ 40 ಎಂದು ಹಂಚಿಕೊಳ್ಳಬೇಕು ಎನ್ನುವುದು, ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನದವರೆಗೆ ಕೆಲಸ ನಿಲ್ಲಿಸಬಹುದು ಎನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ. ರಾಜ್ಯದ ಬಳಿ 40 ಇಲ್ಲದಿದ್ದರೆ 125 ದಿನ ಎಲ್ಲಿಂದ ಬರುತ್ತದೆ? ತಾಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳ ಮಕ್ಕಳಿಗೆ ಇದು ಪ್ರಚಲಿತ ವಿದ್ಯಮಾನ ಅಲ್ಲ, ಮನೆಯ ವಿದ್ಯಮಾನ. ಅವರಿಗೂ ‘125’ ಎಂಬ ಅಂಕಿ ಮಾತ್ರ ಕೊಟ್ಟು ಕಳಿಸುತ್ತಾರೆ.

ಒಳಮೀಸಲಾತಿ: ಬಾಯಿಪಾಠಕ್ಕೆ ಸಿಗದ ವಿಷಯ

ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳಿಗೆ ನೇರವಾಗಿ ತಟ್ಟಿದ ವಿಷಯ ಇನ್ನೊಂದಿದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳೊಳಗೆ ಒಳವರ್ಗೀಕರಣ ಮಾಡಬಹುದು ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ರಾಜ್ಯ ಸಂಪುಟ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದಿತು. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟು ಐದು ಗುಂಪು ಮಾಡಿ ಎಂದಿತು. ಆಗಸ್ಟ್ 19ರಂದು ಸಂಪುಟ ಮೂರು ಗುಂಪು ಮಾಡಿತು. ಎಡಗೈ ಸಮುದಾಯಗಳಿಗೆ 6, ಬಲಗೈ ಸಮುದಾಯಗಳಿಗೆ 6, ಲಂಬಾಣಿ, ಭೋವಿ, ಕೊರಮ, ಕೊರಚ ಮತ್ತು ಅಲೆಮಾರಿಗಳಿಗೆ ಒಟ್ಟು 5.

ಪಿಡಿಎಫ್‌ಗೆ ಇದು ‘6-6-5’. ಆದರೆ ಆಯೋಗ ಅಲೆಮಾರಿಗಳಿಗೆ ಬೇರೆಯಾಗಿ ಶೇ 1 ಇಡಿ ಎಂದಿತ್ತು, ಸಂಪುಟ ಅದನ್ನು ಲಂಬಾಣಿ, ಭೋವಿಗಳ ಗುಂಪಿಗೇ ಸೇರಿಸಿತು. ನಮಗೆ ಅನ್ಯಾಯ ಆಯಿತು ಎಂದು ಅಲೆಮಾರಿಗಳು ಬೀದಿಗಿಳಿದರು. ತಾಂಡಾದವರಿಗೆ ತಮ್ಮದೇ ಆತಂಕ. ಯಾರ ತಟ್ಟೆಯಿಂದ ಯಾರಿಗೆ ಬಡಿಸಿದರು, ದತ್ತಾಂಶ ಏನು ಹೇಳುತ್ತದೆ, ಆಂಧ್ರ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದಲ್ಲಿರುವ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಲ್ಲಿ ಯಾಕಿದ್ದಾರೆ? ಇವನ್ನು ತಾಂಡಾದ ಕಟ್ಟೆಯಲ್ಲಿ ಕೂತು ವಾದ ಮಾಡಬಲ್ಲ ಹುಡುಗಿ ಆಡಳಿತ ಕಲಿತಿದ್ದಾಳೆ. ‘6-6-5’ ಎಂದಷ್ಟೇ ಬರೆದುಕೊಂಡವಳು ಅಂಕಿ ಕಲಿತಿದ್ದಾಳೆ. ಅಂಕಿ ನಾಳೆ ಬದಲಾಗಬಹುದು. ತಿಳಿವಳಿಕೆ ಬದಲಾಗುವುದಿಲ್ಲ.

‘ಊರ ಉಸಾಬರಿ ಬಿಡು, ಅಂಕ ನೋಡು’

ಇದಕ್ಕೆ ಕೋಚಿಂಗ್‌ನವರು ಕೊಡುವ ಉತ್ತರ ನಮಗೆ ಗೊತ್ತು. ‘ಸಾರ್, ನೀವು ಹೇಳೋದೆಲ್ಲ ಭಾಷಣಕ್ಕೆ ಚೆಂದ. ಪರೀಕ್ಷೆಯಲ್ಲಿ ಕೇಳೋದು ಒನ್‌ಲೈನರ್. ಅದು ಬಿಟ್ಟು ಗ್ರಾಮಸಭೆಗೆ ಹೋಗಿ ಕೂತರೆ ಕಟ್ ಆಫ್ ದಾಟೋಕಾಗುತ್ತಾ?’

ಅರ್ಧ ನಿಜ. ಪೊಲೀಸ್ ಕಾನ್‌ಸ್ಟೆಬಲ್, ಎಸ್‌ಡಿಎ, ಕೆಎಎಸ್ ಪೂರ್ವಭಾವಿ, ಎಲ್ಲದರಲ್ಲೂ ಬಿಡಿ ಮಾಹಿತಿಯ ಪ್ರಶ್ನೆ ಬರುತ್ತದೆ. ಅದನ್ನು ಓದಬೇಡಿ ಎಂದು ನಾವು ಹೇಳುವುದಿಲ್ಲ. ಓದಿ. ಆದರೆ ಪೂರ್ವಭಾವಿಯ ಅಂಕ ಆಯ್ಕೆಪಟ್ಟಿಗೆ ಸೇರುವುದೇ ಇಲ್ಲ, ಅದು ಬಾಗಿಲು ಮಾತ್ರ. ಕೆಎಎಸ್ ಆಯ್ಕೆ ನಿಲ್ಲುವುದು 1,250 ಅಂಕದ ಮುಖ್ಯ ಪರೀಕ್ಷೆಯ ಮೇಲೆ. ಒಂದು ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ. ಯುಪಿಎಸ್‌ಸಿಯ ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆ ಪೂರ್ತಿ ಸಂವಿಧಾನ, ಆಡಳಿತ, ಸಾಮಾಜಿಕ ನ್ಯಾಯ, ಅಂತರರಾಷ್ಟ್ರೀಯ ಸಂಬಂಧ. ಅಲ್ಲಿ ಕೇಳುವುದು ‘ವಿಮರ್ಶಿಸಿ’, ‘ಕಾರಣ ಕೊಡಿ’, ‘ಪರಿಹಾರ ಸೂಚಿಸಿ’. ಮೂರು ವರ್ಷ ಒನ್‌ಲೈನರ್ ಉರು ಹೊಡೆದ ಕೈ ಅಲ್ಲಿ ನಾಲ್ಕು ಸಾಲು ಬರೆಯಲು ನಡುಗುತ್ತದೆ. ಹಳ್ಳಿಯ ಮಕ್ಕಳು ಮುಖ್ಯ ಪರೀಕ್ಷೆಯಲ್ಲಿ ಎಡವುವುದಕ್ಕೆ ಇದೂ ಒಂದು ಕಾರಣ. ಮಾರುವವರಿಗೆ ಇದು ಗೊತ್ತು. ಆದರೆ ಅರ್ಥ ಮಾಡಿಸುವುದಕ್ಕೆ ಮೇಷ್ಟ್ರು ಬೇಕು, ಹೊತ್ತು ಬೇಕು. ಪಿಡಿಎಫ್‌ಗೆ ಕಾಪಿ, ಪೇಸ್ಟ್ ಸಾಕು.

ಮನೆಯ ಲೆಕ್ಕವನ್ನೂ ಹೇಳಿಬಿಡೋಣ. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಪಿಜಿ ಬಾಡಿಗೆ, ಮೆಸ್ಸು, ಕೋಚಿಂಗ್ ಫೀಸು, ಟೆಸ್ಟ್ ಸೀರೀಸ್, ಲೈಬ್ರರಿ ಹೆಸರಿನ ಬಾಡಿಗೆ ಕುರ್ಚಿ. ಇದಕ್ಕೆಲ್ಲ ಹೋಗುವುದು ಮೆಕ್ಕೆಜೋಳ ಮಾರಿದ ದುಡ್ಡು, ಅವ್ವ ಸಂಘದಲ್ಲಿ ಎತ್ತಿದ ಸಾಲ. ಇಷ್ಟು ಕೊಟ್ಟು ಕೊಂಡ ಓದು ಊರಿಗೂ ಬರಲಿಲ್ಲ, ಹುದ್ದೆಗೂ ಬರಲಿಲ್ಲ ಎಂದರೆ ಅದು ಓದಿದವನ ತಪ್ಪಲ್ಲ.

ಪರೀಕ್ಷೆ ನಡೆಸುವವರಿಗೆ ಪರೀಕ್ಷೆ ಯಾರು ಇಡಬೇಕು?

ಈಗ ಸರ್ಕಾರದ ಕಡೆ ತಿರುಗೋಣ. ಆಡಳಿತ ಎಂದರೆ ಏನು ಎಂದು ನಮ್ಮ ಮಕ್ಕಳನ್ನು ಕೇಳುವ ಆಯೋಗದ ಆಡಳಿತ ಹೇಗಿದೆ?

2024ರ ಫೆಬ್ರುವರಿಯಲ್ಲಿ ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಅದಕ್ಕೂ ಹಿಂದೆ ಕರೆದದ್ದು 2020ರಲ್ಲಿ, ಅದೂ 106 ಹುದ್ದೆ. ನಡುವೆ ನಾಲ್ಕು ವರ್ಷ ಖಾಲಿ. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಆಗಸ್ಟ್ 27ರಂದು, ಮಂಗಳವಾರ, ಕೆಲಸದ ದಿನ, ಪೂರ್ವಭಾವಿ ನಡೆಯಿತು. ಕನ್ನಡದ ಪ್ರಶ್ನೆಗಳು ಕನ್ನಡದವರಿಗೇ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಒಂದು ಕೇಳಿದರೆ ಕನ್ನಡದಲ್ಲಿ ಇನ್ನೊಂದು ಕೇಳಿತ್ತು. ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಎರಡು ತಿಂಗಳೊಳಗೆ ಮರುಪರೀಕ್ಷೆ ಎಂದರು. ಅದು ನಡೆದದ್ದು ಡಿಸೆಂಬರ್ 29ರಂದು. ಅದರಲ್ಲೂ ಅನುವಾದದ ತಪ್ಪು. ಅಭ್ಯರ್ಥಿಗಳು ಮತ್ತೆ ಫ್ರೀಡಂ ಪಾರ್ಕಿನಲ್ಲಿ ಕೂತರು. ಮತ್ತೆ ನ್ಯಾಯಮಂಡಳಿ, ಹೈಕೋರ್ಟ್.

ಒಂದು ತಪ್ಪು ಉತ್ತರಕ್ಕೆ ಅಭ್ಯರ್ಥಿಯ ಅಂಕ ಕತ್ತರಿಸುತ್ತಾರೆ. ತಪ್ಪು ಪ್ರಶ್ನೆಗೆ ಯಾರ ಸಂಬಳ ಕತ್ತರಿಸಿದರು?

ತಾಂಡಾದ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ಮನೆಯಲ್ಲಿ ಅವಳು ಆಡುವುದು ಗೋರ್‌ಬೋಲಿ. ಅದಕ್ಕೆ ಸ್ವಂತ ಲಿಪಿ ಇಲ್ಲ, ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಜಾಗ ಇಲ್ಲ. ಶಾಲೆಗೆ ಬಂದು ಕನ್ನಡ ಕಲಿತಳು. ಕನ್ನಡವೇ ಅವಳು ಕಷ್ಟಪಟ್ಟು ಹತ್ತಿದ ಮೆಟ್ಟಿಲು. ಆ ಮೆಟ್ಟಿಲನ್ನೇ ಆಯೋಗ ಮುರಿದು ಇಟ್ಟರೆ ಅವಳು ಎಲ್ಲಿ ಕಾಲಿಡಬೇಕು? ‘ಇಂಗ್ಲಿಷ್ ಪ್ರಶ್ನೆ ನೋಡಿಕೊಳ್ಳಬೇಕಿತ್ತು’ ಎಂದು ಹೇಳುವವರಿದ್ದಾರೆ. ಕರ್ನಾಟಕದ ತಹಶೀಲ್ದಾರ್ ಆಗಲು, ಕನ್ನಡದಲ್ಲಿ ಅರ್ಜಿ ಓದಲು, ಕನ್ನಡದಲ್ಲಿ ಆದೇಶ ಬರೆಯಲು ನಡೆಸುವ ಪರೀಕ್ಷೆ ಇದು. ಅದರ ಮೂಲ ಪ್ರಶ್ನೆ ಇಂಗ್ಲಿಷಿನಲ್ಲಿ ಯಾಕೆ ಹುಟ್ಟಬೇಕು?

ಯುಪಿಎಸ್‌ಸಿಯೂ ಇದರಿಂದ ಹೊರತಲ್ಲ. ಮುಖ್ಯ ಪರೀಕ್ಷೆಯ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನಕ್ಕೂ ಕನ್ನಡ ಆರಿಸಬಹುದು. 1979ರಿಂದ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಿದೆ. ಆದರೆ ಪೂರ್ವಭಾವಿಯ ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷ್ ಎರಡರಲ್ಲೇ. ಬೀದರಿನವರೂ, ಜಗಳೂರಿನವರೂ, ಕಾಸರಗೋಡಿನ ಕನ್ನಡಿಗರೂ ಬೇರೆ ಭಾಷೆಯ ಹೊಸ್ತಿಲು ದಾಟಿದ ಮೇಲೆಯೇ ತಮ್ಮ ಭಾಷೆಗೆ ಬರಬೇಕು. ಹಿಂದಿ ಮಾತಾಡುವ ಹಳ್ಳಿಯ ಹುಡುಗನಿಗೆ ಸಿಕ್ಕ ಸೌಲಭ್ಯ ಕನ್ನಡದ ಹಳ್ಳಿಯ ಹುಡುಗನಿಗೆ ಯಾಕಿಲ್ಲ ಎಂದು ನಮ್ಮ ಸಂಸದರು ಗಟ್ಟಿಯಾಗಿ ಕೇಳಬೇಕು.

ಇನ್ನು ಭ್ರಷ್ಟಾಚಾರದ ಅಧ್ಯಾಯ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ಆಯಿತು. ಸುಮಾರು 54 ಸಾವಿರ ಮಂದಿ ಬರೆದರು. ಅಕ್ರಮ ಹೊರಬಿತ್ತು, ಸಿಐಡಿ ತನಿಖೆ ಆಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೆ ಒಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ತಪ್ಪು ಮಾಡದೆ ಓದಿ ಬರೆದವರ ಎರಡು ವರ್ಷ ಮೂರು ತಿಂಗಳು ಯಾವ ಖಜಾನೆಯಿಂದ ವಾಪಸ್ ಬರುತ್ತದೆ? ಅದಕ್ಕೂ ಹಿಂದಿನ 2011ರ ಸಾಲಿನ 362 ಹುದ್ದೆಗಳ ಕತೆ ಇನ್ನೂ ಉದ್ದ. ಸರ್ಕಾರವೇ ಪಟ್ಟಿ ಹಿಂದಕ್ಕೆ ಪಡೆಯಿತು, ನ್ಯಾಯಮಂಡಳಿ, ಹೈಕೋರ್ಟ್ ಸುತ್ತಿ ಬಂದು, ಕೊನೆಗೆ 2022ರಲ್ಲಿ ಶಾಸನಸಭೆಯೇ ಕಾಯ್ದೆ ಮಾಡಿ ಆ ಆಯ್ಕೆಯನ್ನು ಊರ್ಜಿತ ಮಾಡಿತು. ಹನ್ನೊಂದು ವರ್ಷ! ‘ಉತ್ತಮ ಆಡಳಿತ’ ಎಂದು ಪಠ್ಯಕ್ರಮದಲ್ಲಿ ಬರೆದವರು ಇವರೇ.

ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಖಾಲಿ ಕುರ್ಚಿ ಅಂದರೆ ಓದಿದವರಿಗೆ ಕೆಲಸ ಇಲ್ಲ ಎನ್ನುವುದಷ್ಟೇ ಅಲ್ಲ. ನಿಮ್ಮ ಪೋಡಿ ಅರ್ಜಿ ಕೊಳೆಯುತ್ತದೆ, ಒಬ್ಬ ಪಿಡಿಒ ಎರಡು ಪಂಚಾಯಿತಿ ನೋಡಿಕೊಳ್ಳುತ್ತಾರೆ, ಶಾಲೆಯಲ್ಲಿ ಗಣಿತದ ಮೇಷ್ಟ್ರು ಇರುವುದಿಲ್ಲ. ಹುದ್ದೆ ಸಿಗದವನ ನೋವೂ ಸೇವೆ ಸಿಗದವನ ನೋವೂ ಒಂದೇ ಬಾವಿಯ ನೀರು.

ನಾವು ಕೇಳುವುದು ಇಷ್ಟು

ಒಂದು, ಕೆಪಿಎಸ್‌ಸಿ ಪ್ರಶ್ನೆಗಳು ಕನ್ನಡದಲ್ಲೇ ತಯಾರಾಗಬೇಕು. ಅನುವಾದ ಬೇಕಿದ್ದರೆ ಕನ್ನಡದಿಂದ ಇಂಗ್ಲಿಷಿಗೆ ಆಗಲಿ. ಗೊಂದಲ ಬಂದರೆ ಕನ್ನಡದ ಪ್ರಶ್ನೆಯೇ ಅಂತಿಮ ಎಂದು ನಿಯಮ ಬರೆಯಲಿ.

ಎರಡು, ಯುಪಿಎಸ್‌ಸಿ ಮುಂದಿನ ವರ್ಷದ ಪರೀಕ್ಷೆಗಳ ದಿನಾಂಕವನ್ನು ಮೊದಲೇ ಪ್ರಕಟಿಸುತ್ತದೆ. ಪ್ರತಿ ವರ್ಷ ನಡೆಸುತ್ತದೆ. ಅದು ದೆಹಲಿಯಲ್ಲಿ ಆಗುವುದಾದರೆ ಬೆಂಗಳೂರಿನಲ್ಲಿ ಯಾಕಾಗದು?

ಮೂರು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದಿವೆ. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಹೆಸರು ಚೆಂದ ಇದೆ. ಹಗಲು ಕೂಲಿಗೆ ಹೋಗಿ ಬಂದವರು ಓದುವುದು ಕತ್ತಲಾದ ಮೇಲೆ. ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರಲಿ, ಮೇಲ್ವಿಚಾರಕರಿಗೆ ಅದಕ್ಕೆ ತಕ್ಕ ಸಂಬಳ ಸಿಗಲಿ. ಆಗ ಸಪ್ತಾಪುರದ ಬಾಡಿಗೆ ಕುರ್ಚಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ನಾಲ್ಕು, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆ. ಇದು ಪರೀಕ್ಷೆಯ ವಿಷಯ ಅಲ್ಲ ಎನ್ನಬೇಡಿ. ಸಂವಿಧಾನ ಓದಿಸುವ ಸರ್ಕಾರ ಮೊದಲು ತಾನು ಅದನ್ನು ಪಾಲಿಸಲಿ.

ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ

ಪಿಡಿಎಫ್ ಓದುವುದನ್ನು ಬಿಡಬೇಡಿ. ಆದರೆ ದಿನಕ್ಕೆ ಐವತ್ತರ ಬದಲು ನಲವತ್ತು ಓದಿ. ಉಳಿದ ಹೊತ್ತು ನಿಮ್ಮ ಪಂಚಾಯಿತಿಗೆ ಕೊಡಿ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಎಂದು ಕರ್ನಾಟಕದ 1993ರ ಕಾಯ್ದೆ ಹೇಳುತ್ತದೆ. ಅಲ್ಲಿಗೆ ಹೋಗಿ ಕೂರಿ. ನಡಾವಳಿ ಪುಸ್ತಕ ತೋರಿಸಿ ಎಂದು ಕೇಳಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕೆಳಗೆ ಪಂಚಾಯಿತಿ ಯಾರೂ ಕೇಳದೆಯೇ ಏನೇನು ಪ್ರಕಟಿಸಬೇಕು ಎಂದು ಪಟ್ಟಿ ಮಾಡಿ, ಗೋಡೆಯ ಮೇಲೆ ಏನಿದೆ ಎಂದು ತಾಳೆ ನೋಡಿ. ಸಕಾಲದಲ್ಲಿ ನಿಮ್ಮ ಅಪ್ಪನ ಅರ್ಜಿಗೆ ಎಷ್ಟು ದಿನ ಗಡುವು ಇತ್ತು, ಎಷ್ಟು ದಿನ ಹಿಡಿಯಿತು, ಬರೆದಿಡಿ. ಹೀಗೆ ವಾರಕ್ಕೆ ಒಂದು ಪುಟ. ವರ್ಷಕ್ಕೆ ಐವತ್ತೆರಡು ಪುಟ. ‘ವಿಕೇಂದ್ರೀಕರಣದ ಸಮಸ್ಯೆಗಳನ್ನು ವಿಮರ್ಶಿಸಿ’ ಎಂದು ಮುಖ್ಯ ಪರೀಕ್ಷೆಯಲ್ಲಿ ಕೇಳಿದ ದಿನ ಆ ಪುಟಗಳಷ್ಟು ಗಟ್ಟಿ ಉತ್ತರ ಯಾವ ಗೈಡೂ ಕೊಡುವುದಿಲ್ಲ.

ಇನ್ನೊಂದು ಮಾತು. ಬರೆಯುವ ಎಲ್ಲರಿಗೂ ಕೆಲಸ ಸಿಗುವುದಿಲ್ಲ. ಎರಡು ಲಕ್ಷ ಮಂದಿಗೆ 384 ಕುರ್ಚಿ ಎಂದರೆ ಲೆಕ್ಕ ನಿಮಗೇ ಗೊತ್ತು. ಯಾವ ದೇಶದ ರಾಜಧಾನಿ ಯಾವುದು ಎಂದು ಕಲಿತು ವಾಪಸ್ ಬಂದವನಿಗೆ ಊರಲ್ಲಿ ಆ ಓದಿನಿಂದ ಉಪಯೋಗ ಕಡಿಮೆ. ಪಂಚಾಯಿತಿಯ ಲೆಕ್ಕ ಓದಲು, ಅರ್ಜಿ ಬರೆಯಲು, ಅಧಿಕಾರಿಯ ಮುಂದೆ ನಿಂತು ಕಾಯ್ದೆಯ ಕಲಂ ಹೇಳಲು ಕಲಿತು ಬಂದವನಿಗೆ ಹುದ್ದೆ ಸಿಗದಿದ್ದರೂ ಓದು ದಂಡ ಆಗುವುದಿಲ್ಲ. ತಾಂಡಾದಲ್ಲಿ ನಾಯಕ, ಡಾವ್, ಕಾರಭಾರಿ ಕೂತು ನ್ಯಾಯ ಹೇಳುತ್ತಿದ್ದ ಕಾಲದಿಂದಲೂ ನಮ್ಮವರಿಗೆ ಆಡಳಿತ ಹೊಸದಲ್ಲ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವತ್ತು ಎಂದು ಇವತ್ತೇ ಕೇಳಿ. ಗೊತ್ತಿಲ್ಲ ಎಂದು ಪಂಚಾಯಿತಿಯವರೇ ಹೇಳಿದರೆ, ನಾಳೆಯ ಟಾಪ್ 50ರಲ್ಲಿ ಮೊದಲನೆಯದಾಗಿ ಅದನ್ನೇ ಬರೆದುಕೊಳ್ಳಿ.